ಇಳಿಸುವ ಹಗ್ಗ

ಹಗ್ಗವೆಂದರೆ ಎಳೆಯುವುದಕ್ಕೂ ಕಟ್ಟುವುದಕ್ಕೂ ಇರುವ ಸಾಧನವೆಂದೇ ನಾವು ಬಲ್ಲೆವು. ಬಾವಿಯ ರಾಟೆಗೆ ಹಾಯ್ದ ಹಗ್ಗ ಕೊಡವನ್ನು ಮೇಲಕ್ಕೆ ತರುತ್ತದೆ. ಕೊಟ್ಟಿಗೆಯ ಕಣ್ಣಿ ದನವನ್ನು ಗೂಟಕ್ಕೆ ಕಟ್ಟುತ್ತದೆ. ದೇವಾಲಯದ ಗೋಪುರದಿಂದ ಇಳಿಬಿದ್ದ ಹಗ್ಗವನ್ನು ಜಗ್ಗಿದರೆ ಗಂಟೆ ಮೊಳಗುತ್ತದೆ. ಆದರೆ ಹಗ್ಗಕ್ಕೆ ಇನ್ನೊಂದು ಕೆಲಸವೂ ಇದೆ. ಮೇಲೇರಿದ್ದನ್ನು ಕ್ಷೇಮವಾಗಿ ಕೆಳಗಿಳಿಸುವುದೇ ಆ ಕೆಲಸ. ಏರಿಸುವಾಗ ಎಲ್ಲರ ಕಣ್ಣೂ ಅದರ ಮೇಲಿರುತ್ತದೆ. ಇಳಿಸುವಾಗ ನೋಡುವವರು ಕಡಿಮೆ. ಈ ಎರಡನೆಯ ಕೆಲಸದ ಘನತೆಯನ್ನು ನಾನು ಅರಿತದ್ದು ನಮ್ಮ ನಾಡಿನಿಂದ ಬಹುದೂರದ ಒಂದು ಸರೋವರದಲ್ಲಿ, ಒಂದು ಪುಟ್ಟ ಹಾಯಿದೋಣಿಯ ಮೇಲೆ.

2022ರ ಬೇಸಿಗೆಯಲ್ಲಿ ಮೂರು ತಿಂಗಳ ಕಾಲ ನಾನು ಅಮೆರಿಕದ ಮಿಶಿಗನ್ ರಾಜ್ಯದಲ್ಲಿರುವ ಮಗಳ ಮನೆಯಲ್ಲಿದ್ದೆ. ಅವರ ಮನೆಯಿಂದ ಕಾರಿನಲ್ಲಿ ಒಂದು ಗಂಟೆ ಪ್ರಯಾಣ ಮಾಡಿದರೆ ಸೇಂಟ್ ಕ್ಲೇರ್ ಎಂಬ ಸರೋವರ ಸಿಗುತ್ತದೆ. ಡೆಟ್ರಾಯಿಟ್ ನಗರದ ಈಶಾನ್ಯಕ್ಕಿರುವ ಆ ಜಲರಾಶಿಯ ಒಂದು ದಡ ಅಮೆರಿಕ, ಇನ್ನೊಂದು ದಡ ಕೆನಡಾ. ಅದರ ವಿಸ್ತಾರ ಸುಮಾರು 430 ಚದರ ಮೈಲಿ. ಸರೋವರದ ಹೆಸರಿನ ಹಿಂದೆ ನಮ್ಮ ಧರ್ಮಸಭೆಯ ಪಂಚಾಂಗವೇ ಇದೆ. ಫ್ರೆಂಚ್ ಅನ್ವೇಷಕ ಲಾ ಸಾಲ್ 'ಲ ಗ್ರಿಫೋನ್' ಎಂಬ ಹಾಯಿಹಡಗಿನಲ್ಲಿ ಈ ಸರೋವರವನ್ನು ಪ್ರವೇಶಿಸಿದ್ದು 1679ರ ಆಗಸ್ಟ್ 12ರಂದು. ಆ ಕಾಲದ ಪಂಚಾಂಗದಂತೆ ಅಂದು ಅಸ್ಸಿಸಿಯ ಸಂತ ಕ್ಲಾರಳ ಹಬ್ಬ. ಈಗ ನಾವು ಅದನ್ನು ಆಗಸ್ಟ್ 11ರಂದು ಆಚರಿಸುತ್ತೇವೆ. ಸಂತ ಫ್ರಾನ್ಸಿಸರ ಸಭೆಗೆ ಸೇರಿದ ಗುರು ಲೂಯಿ ಹೆನ್ನೆಪಿನ್ ಅವರೂ ಆ ಹಡಗಿನಲ್ಲಿದ್ದರು. ಹೀಗೆ, ಸಿರಿವಂತರ ಮನೆಯಲ್ಲಿ ಹುಟ್ಟಿ ಬಡತನದ ಕಡೆಗೆ ತಾನಾಗಿಯೇ ಇಳಿದುಬಂದ ಒಬ್ಬ ಸಂತಳ ಹೆಸರು ಆ ನೀರಿಗೆ ಬಂದಿತು.

ನನ್ನ ಅಳಿಯ ಹಿಂದಿನ ಚಳಿಗಾಲದಲ್ಲಿ ತಮ್ಮ ಧರ್ಮಕೇಂದ್ರದ ಹಿರಿಯರೊಬ್ಬರಿಂದ ಒಂದು ಹಳೆಯ ಹಾಯಿದೋಣಿಯನ್ನು ಕೊಂಡಿದ್ದ. ಕ್ಯಾಟಲೀನಾ 22 ಎಂಬುದು ಅದರ ಮಾದರಿ. ಫ್ರಾಂಕ್ ಬಟ್ಲರ್ ಎಂಬುವರು ರೂಪಿಸಿದ ಈ ಮಾದರಿಯ ದೋಣಿಗಳು ಸುಮಾರು 1970ರಿಂದೀಚೆಗೆ 15,000ಕ್ಕೂ ಹೆಚ್ಚು ತಯಾರಾಗಿವೆ. ಉದ್ದ ಇಪ್ಪತ್ತೊಂದೂವರೆ ಅಡಿ, ತೂಕ ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚು. ದೋಣಿಯ ಅಡಿಯಲ್ಲಿರುವ ಭಾರವಾದ ಲೋಹದ ಹಲಗೆಯನ್ನು ಮೇಲಕ್ಕೆ ಮಡಚಿಕೊಳ್ಳಬಹುದಾದ್ದರಿಂದ, ಕಾರಿನ ಹಿಂದೆ ಕಟ್ಟಿದ ಟ್ರೇಲರಿನ ಮೇಲೆ ಅದನ್ನು ಕೂರಿಸಿ ಎಲ್ಲಿಗೆ ಬೇಕಾದರೂ ಒಯ್ಯಬಹುದು. ಬಂದರಿನಲ್ಲಿ ಕಟ್ಟಿಹಾಕಿದ ದೋಣಿಗೆ ಬೇಸಿಗೆಯ ಆರಂಭದಲ್ಲಿ ಒಮ್ಮೆ ಹಗ್ಗಗಳನ್ನು ಸಜ್ಜುಗೊಳಿಸಿದರೆ ಸಾಕು. ಟ್ರೇಲರಿನ ದೋಣಿಯ ಪಾಡು ಹಾಗಲ್ಲ. ಬೆಳಿಗ್ಗೆ ದಡದಲ್ಲಿ ಕೂವೆಕಂಬವನ್ನು ಎತ್ತಿ ನಿಲ್ಲಿಸಿ, ಒಂದೊಂದು ಹಗ್ಗವನ್ನೂ ಅದರದರ ಜಾಗಕ್ಕೆ ಹಾಯಿಸಬೇಕು; ಸಂಜೆ ಎಲ್ಲವನ್ನೂ ಬಿಚ್ಚಿ, ಸುತ್ತಿ, ಕಟ್ಟಿ, ಕಂಬವನ್ನು ಮಲಗಿಸಬೇಕು. ನೀರಿನ ಮೇಲೆ ನಾಲ್ಕು ಗಂಟೆ ಕಳೆಯಬೇಕಾದರೆ ದಡದಲ್ಲಿ ಎರಡು ಗಂಟೆ ಹಗ್ಗದ ಸೇವೆ ಮಾಡಲೇಬೇಕು.

ದೋಣಿಯನ್ನು ಮಾರಿದ ಹಿರಿಯರಿಗೆ ಎಂಬತ್ತು ದಾಟಿತ್ತು. ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು; ಪತ್ನಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮೊಣಕಾಲು ಸೋತಿದ್ದರಿಂದ ಕೂವೆಕಂಬವನ್ನು ಎತ್ತುವ ಕೆಲಸ ಅವರಿಂದ ಆಗುತ್ತಿರಲಿಲ್ಲ. ಮೂವತ್ತು ವರ್ಷ ಜೊತೆಗಿದ್ದ ದೋಣಿಯನ್ನು ಅವರು ಅಲ್ಪ ಬೆಲೆಗೆ ಕೊಟ್ಟು ಒಂದೇ ಒಂದು ಷರತ್ತು ಹಾಕಿದ್ದರಂತೆ: ಮೊದಲ ಬೇಸಿಗೆಯಲ್ಲಿ ತಮ್ಮನ್ನೂ ಕರೆದೊಯ್ಯಬೇಕು, ಹಗ್ಗಗಳ ವಿಷಯದಲ್ಲಿ ತಾವು ಹೇಳಿದಂತೆ ಕೇಳಬೇಕು. ಹಾಗಾಗಿ ಪ್ರತಿ ಶನಿವಾರ ನಾವು ನಾಲ್ವರು ಹೊರಡುತ್ತಿದ್ದೆವು. ಆ ಹಿರಿಯರು, ಅಳಿಯ, ಹನ್ನೆರಡು ವರ್ಷದ ಮೊಮ್ಮಗ ಮತ್ತು ಕೆರೆಕಟ್ಟೆಗಳನ್ನು ಬಿಟ್ಟು ಬೇರೆ ನೀರನ್ನೇ ಕಾಣದ ಒಳನಾಡಿನ ನಾನು.

ಆ ದೋಣಿಯ ಮುಖ್ಯ ಹಾಯಿಗೆ ಎಷ್ಟೊಂದು ಹಗ್ಗಗಳು! ಹಾಯಿಯನ್ನು ಮೇಲೇರಿಸುವ ಹಗ್ಗಕ್ಕೆ ಹಾಲ್ಯಾರ್ಡ್ ಎಂದು ಹೆಸರು. ನಮ್ಮ ಧರ್ಮಕೇಂದ್ರದ ಹಬ್ಬಕ್ಕೆ ಮುನ್ನ ಧ್ವಜಾರೋಹಣ ಮಾಡುವಾಗ ಕಂಬದ ತುದಿಯ ರಾಟೆಯ ಮೂಲಕ ಹಗ್ಗ ಹಾಯುತ್ತದಲ್ಲವೇ, ಇದೂ ಅದೇ ಜಾತಿಯದು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಹೆಸರು. ಹಾಯಿಯ ಕೆಳ ಅಂಚನ್ನು ಹಿಡಿದಿರುವ ಅಡ್ಡದಂಡಕ್ಕೆ ಬೂಮ್ ಎನ್ನುತ್ತಾರೆ. ಆ ಬೂಮನ್ನು ಒಳಕ್ಕೂ ಹೊರಕ್ಕೂ ಸರಿಸಿ ಹಾಯಿಗೆ ಗಾಳಿಯನ್ನು ಹೊಂದಿಸುವ ಹಗ್ಗದ ಹೆಸರು ಶೀಟ್. ಶೀಟ್ ಎಂದರೆ ಬಟ್ಟೆಯೆಂದು ತಿಳಿದಿದ್ದ ನನಗೆ ಇದು ಸೋಜಿಗವೆನಿಸಿತು. ಹಾಯಿ ಕೆಳಗಿಳಿದಾಗ ಬೂಮ್ ತಲೆಯ ಮೇಲೆ ಬೀಳದಂತೆ ಕಂಬದ ತುದಿಯಿಂದ ಅದನ್ನು ಹಿಡಿದಿರುವ ಹಗ್ಗ ಇನ್ನೊಂದು. ಗಾಳಿ ಜೋರಾದಾಗ ಹಾಯಿಯನ್ನು ಅರ್ಧಕ್ಕೆ ಮಡಚಿ ಕಟ್ಟುವ ರೀಫ್ ಹಗ್ಗಗಳು ಬೇರೆ. ಇವಲ್ಲದೆ, ಕಂಬದಿಂದ ಹೊರಟು ಬೂಮಿನ ಎರಡು ಪಕ್ಕಕ್ಕೂ ಕವಲೊಡೆದು ಇಳಿಯುವ ಸಣ್ಣ ಹಗ್ಗಗಳ ಒಂದು ತೊಟ್ಟಿಲಿದೆ. ಬೀಳುವ ಹಾಯಿಯನ್ನು ಅದು ಎರಡೂ ಕಡೆಯಿಂದ ತಬ್ಬಿ ಬೂಮಿನ ಮೇಲೆಯೇ ಕೂರಿಸುತ್ತದೆ. ಅದಕ್ಕೆ 'ಲೇಜಿ ಜಾಕ್' ಎಂದು ಹೆಸರು. ಜಾಕ್ ಎಂಬುದು ಇಂಗ್ಲಿಷಿನಲ್ಲಿ ನಾವಿಕನಿಗಿದ್ದ ಹಳೆಯ ಅಡ್ಡಹೆಸರು. ಆದ್ದರಿಂದ ಇದು 'ಸೋಮಾರಿ ನಾವಿಕ'. ಮೊಮ್ಮಗನಿಗೆ ಈ ಹೆಸರು ಕೇಳಿ ನಗು ತಡೆಯಲಾಗಲಿಲ್ಲ. ಆದರೆ ಆ ಸೋಮಾರಿಯನ್ನು ಸಜ್ಜುಗೊಳಿಸುವುದಕ್ಕೆ ಸೋಮಾರಿತನ ಸಲ್ಲದು. ಹಾಯಿ ಏರುವಾಗ ಅದರೊಳಗಿನ ಪಟ್ಟಿಗಳ ತುದಿ ಆ ಹಗ್ಗಗಳಿಗೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಮೊದಲು ಅವನ್ನು ಕಂಬದ ಬಳಿಗೆ ಸೆಳೆದು ಸಿಕ್ಕಿಸಿ, ಹಾಯಿ ಪೂರ್ತಿ ಏರಿದ ಮೇಲೆ ಮತ್ತೆ ಹರಡಬೇಕು.

ಹಿರಿಯರ ಪಾಠ ಆಕಾಶವನ್ನು ನೋಡುವುದರಿಂದ ಆರಂಭವಾಗುತ್ತಿತ್ತು. ಕೂವೆಕಂಬವನ್ನು ಎತ್ತುವ ಮುನ್ನ ತಲೆಯ ಮೇಲೆ ವಿದ್ಯುತ್ ತಂತಿ ಇದೆಯೇ ಎಂದು ಪ್ರತಿ ಸಲವೂ, ಅದೇ ಜಾಗವಾದರೂ, ತಲೆಯೆತ್ತಿ ನೋಡಲೇಬೇಕು. ಲೋಹದ ಕಂಬ ತಂತಿಗೆ ತಗುಲಿದರೆ ಪ್ರಾಣವೇ ಹೋಗುತ್ತದೆ. ಆ ಬಳಿಕ ಹಾಲ್ಯಾರ್ಡಿನ ಸರದಿ. ಅದು ಇತರ ತಂತಿಗಳಿಗೆ ಸುತ್ತಿಕೊಂಡಿಲ್ಲವೆಂದು ತುದಿಯಿಂದ ಬುಡದವರೆಗೆ ಕಣ್ಣಿನಲ್ಲಿಯೇ ಹಿಂಬಾಲಿಸಬೇಕು. ಹಾಯಿಗೆ ಸಿಕ್ಕಿಸುವ ಕೊಂಡಿಯನ್ನು ಕೈಯಿಂದ ಜಾರಬಿಟ್ಟರೆ ಅದು ಕಂಬದ ತುದಿಗೆ ಹೋಗಿ ಕೂರುತ್ತದೆ. ಕಂಬವನ್ನು ಮತ್ತೆ ಮಲಗಿಸದೆ ಅದು ಕೈಗೆ ಬಾರದು. ಶೀಟಿನ ಕೊನೆಗೆ ಇಂಗ್ಲಿಷಿನ ಎಂಟರ ಅಂಕೆಯಂಥ ಗಂಟು ಹಾಕಿದರೆ ಹಗ್ಗ ರಾಟೆಯಿಂದ ಜಾರಿಹೋಗುವುದಿಲ್ಲ. ಇವೆಲ್ಲ ಸಣ್ಣ ಸಣ್ಣ ಕೆಲಸಗಳು. ಆದರೆ ನೀರಿಗಿಳಿದ ಮೇಲೆ ಇವುಗಳಲ್ಲಿ ಯಾವುದನ್ನೂ ಸರಿಪಡಿಸುವುದು ಸುಲಭವಲ್ಲ.

ಹಾಯಿ ಮೇಲೇರಿದ ಕೂಡಲೇ ಮೊಮ್ಮಗ ಚಪ್ಪಾಳೆ ತಟ್ಟಿ ಓಡಿಹೋಗುವುದರಲ್ಲಿದ್ದ. ಹಿರಿಯರು ಅವನನ್ನು ನಿಲ್ಲಿಸಿ, "ಮಗೂ, ಕೆಲಸ ಈಗ ಶುರುವಾಯಿತು" ಎಂದರು. ಹಾಯಿಯನ್ನು ಏರಿಸಿದ ಮೇಲೆ ಕಂಬದ ಬುಡದಲ್ಲಿ ಇಪ್ಪತ್ತು ಅಡಿಗೂ ಮಿಕ್ಕ ಹಗ್ಗ ರಾಶಿಯಾಗಿ ಬಿದ್ದಿರುತ್ತದೆ. ಅದನ್ನು ಹೇಗೆ ಇಡಬೇಕೆಂಬುದೇ ಅವರ ಪಾಠದ ತಿರುಳು. ಕಂಬಕ್ಕೆ ಎರಡು ಕೊಂಬುಗಳುಳ್ಳ ಕ್ಲೀಟ್ ಎಂಬ ಬಿಗಿಕೊಂಡಿ ಇರುತ್ತದೆ. ಹಗ್ಗವನ್ನು ಅದಕ್ಕೆ ಮೊದಲು ಒಂದು ಪೂರ್ತಿ ಸುತ್ತು ಸುತ್ತಿ, ಅನಂತರ ಎಂಟರ ಆಕಾರದಲ್ಲಿ ಸುತ್ತಬೇಕು. ಕೊನೆಯಲ್ಲಿ ಬಿಗಿಗಂಟು ಹಾಕುವವರಿದ್ದಾರೆ. ಅವರು ಅದಕ್ಕೆ ಒಪ್ಪುತ್ತಿರಲಿಲ್ಲ. ನೆನೆದು ಬಿಗಿದ ಗಂಟು ಅವಸರದಲ್ಲಿ ಬಿಚ್ಚುವುದಿಲ್ಲ, ಇನ್ನೊಂದು ಸುತ್ತು ಹೆಚ್ಚಿಗೆ ಹಾಕಿದರೆ ಅಷ್ಟೇ ಭದ್ರ ಎನ್ನುತ್ತಿದ್ದರು. ಮಿಕ್ಕ ಹಗ್ಗವನ್ನು ಸುರುಳಿ ಸುತ್ತುವಾಗ ಕ್ಲೀಟಿನ ಕಡೆಯಿಂದ ಆರಂಭಿಸಿ ಬಿಡುತುದಿಯ ಕಡೆಗೆ ಸಾಗಬೇಕು. ಹಾಗೆ ಮಾಡಿದರೆ ಹಗ್ಗದೊಳಗಿನ ಮುರಿ ತುದಿಯವರೆಗೆ ಉರುಳಿ ಕಳೆದುಹೋಗುತ್ತದೆ. ತುದಿಯಿಂದ ಆರಂಭಿಸಿದರೆ ಮುರಿಯೆಲ್ಲ ಕ್ಲೀಟಿನ ಬಳಿ ಸೇರಿ ಸಿಕ್ಕಾಗುತ್ತದೆ. ಸುರುಳಿ ಮುಗಿದ ಮೇಲೆ, ಕ್ಲೀಟಿನ ಹತ್ತಿರದ ಹಗ್ಗದ ಒಂದು ಕುಣಿಕೆಯನ್ನು ಸುರುಳಿಯ ನಡುವಿನಿಂದ ಈಚೆಗೆ ಎಳೆದು, ಒಂದು ಸಲ ತಿರುಚಿ, ಮೇಲಿನ ಕೊಂಬಿಗೆ ನೇತುಹಾಕಬೇಕು. ಆಗ ಅದು ಅಲ್ಲಾಡದೆ ನಿಲ್ಲುತ್ತದೆ. ಬೇಕೆಂದಾಗ ಒಂದೇ ಕೈಯಲ್ಲಿ ಬಿಡಿಸಬಹುದು.

"ಇಷ್ಟೆಲ್ಲ ನಿಯಮ ಏಕೆ? ಅಂದವಾಗಿ ಕಾಣಲೆಂದೇ?" ಎಂದು ನಾನು ಕೇಳಿದೆ. ಅವರು ಸರೋವರದ ಕಡೆಗೆ ನೋಡುತ್ತಾ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. "ಹಾಯಿಯನ್ನು ಏರಿಸುವ ವೇಳೆಯನ್ನು ನಾವು ಗೊತ್ತುಮಾಡುತ್ತೇವೆ. ಇಳಿಸುವ ವೇಳೆಯನ್ನು ಗಾಳಿ ಗೊತ್ತುಮಾಡುತ್ತದೆ. ನಾನು ಹಗ್ಗವನ್ನು ಸುತ್ತಿಡುವುದು ಆ ವೇಳೆಗಾಗಿ."

ಆ ವೇಳೆ ಜುಲೈ ತಿಂಗಳ ಒಂದು ಮಧ್ಯಾಹ್ನ ಬಂದೇ ಬಂದಿತು. ಸೇಂಟ್ ಕ್ಲೇರ್ ಸರೋವರ ವಿಸ್ತಾರದಲ್ಲಿ ದೊಡ್ಡದಾದರೂ ಆಳ ಬಹಳವಿಲ್ಲ. ಸರಾಸರಿ ಹನ್ನೊಂದು ಅಡಿ ಮಾತ್ರ. ಇಂಥ ನೀರಿನಲ್ಲಿ ಗಾಳಿ ಬೀಸಿದೊಡನೆ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಹಿಂದೊಂದು ಏಳುತ್ತವೆ. ನಾವು ದಡದಿಂದ ಮೂರು ಮೈಲಿ ಒಳಗಿದ್ದೆವು. ಪಶ್ಚಿಮದಲ್ಲಿ ಸೀಸದ ಬಣ್ಣದ ಮೋಡವೆದ್ದಿತು. ಹಿರಿಯರು ಚುಕ್ಕಾಣಿಯನ್ನು ಹಿಡಿದು ದೋಣಿಯ ಮೂತಿಯನ್ನು ನೇರವಾಗಿ ಗಾಳಿಗೆ ತಿರುಗಿಸಿದರು. ಹಾಯಿಯನ್ನು ಇಳಿಸಬೇಕಾದರೆ ಗಾಳಿಗೆ ಬೆನ್ನು ಕೊಡಬಾರದು, ಮುಖ ಕೊಡಬೇಕು. ಇಲ್ಲವಾದರೆ ಗಾಳಿಯ ಒತ್ತಡಕ್ಕೆ ಹಾಯಿ ಕಂಬದ ಜಾಡಿನಲ್ಲಿ ಸಿಕ್ಕಿಕೊಂಡು ಎಷ್ಟು ಜಗ್ಗಿದರೂ ಇಳಿಯದು. ಅಳಿಯ ಶೀಟನ್ನು ಸಡಿಲಿಸಿದ. ಮೊಮ್ಮಗ ಸುರುಳಿಯನ್ನು ಕೊಂಬಿನಿಂದ ತೆಗೆದು, ಕಲಿತಂತೆ ಮಗುಚಿ, ಮೊದಲು ಓಡಬೇಕಾದ ಸುತ್ತು ಮೇಲೆ ಬರುವಂತೆ ನೆಲಕ್ಕಿಟ್ಟು, ಕ್ಲೀಟಿನ ಸುತ್ತುಗಳನ್ನು ಬಿಡಿಸಿದ. ಹಗ್ಗ ಸರಸರನೆ ಹಾವಿನಂತೆ ಮೇಲಕ್ಕೋಡಿತು. ಹಾಯಿ ಧೊಪ್ಪನೆ ಇಳಿದು ಆ 'ಸೋಮಾರಿ'ಯ ತೊಟ್ಟಿಲಲ್ಲಿ ಬಿದ್ದಿತು. ಎಲ್ಲವೂ ಮುಗಿಯಲು ನಾಲ್ಕು ಉಸಿರಿನಷ್ಟು ಕಾಲವೂ ಬೇಕಾಗಲಿಲ್ಲ. ಅಳಿಯ ಹಾಯಿಗೆ ಎರಡು ಪಟ್ಟಿ ಬಿಗಿದು ಪುಟ್ಟ ಎಂಜಿನನ್ನು ಚಾಲೂ ಮಾಡುವಷ್ಟರಲ್ಲಿ ಗಾಳಿ ನಮ್ಮ ಮೇಲೆ ಬಂದಪ್ಪಳಿಸಿತು.

ಮುಂದಿನ ಅರ್ಧ ಗಂಟೆಯನ್ನು ನಾನು ಜಪಸರದ ಮಣಿಗಳಲ್ಲಿ ಎಣಿಸಿದೆ. ಮಳೆ ಅಡ್ಡಡ್ಡಲಾಗಿ ಹೊಡೆಯುತ್ತಿತ್ತು. ನಮ್ಮಿಂದ ಒಂದು ಕೂಗಳತೆಯ ದೂರದಲ್ಲಿ ಇನ್ನೊಂದು ದೋಣಿಯ ಹಾಯಿ ಅರ್ಧ ಇಳಿದು ನಿಂತುಬಿಟ್ಟಿತ್ತು. ಹಗ್ಗ ಎಲ್ಲಿಯೋ ಸಿಕ್ಕಾಗಿತ್ತು. ಆ ದೋಣಿ ಪಕ್ಕಕ್ಕೆ ವಾಲಿ ವಾಲಿ ಏಳುತ್ತಿತ್ತು. ಕಂಬದ ಬುಡದಲ್ಲಿ ಒಬ್ಬ ವ್ಯಕ್ತಿ ಮಂಡಿಯೂರಿ ಗಂಟಿನೊಡನೆ ಸೆಣಸುತ್ತಿದ್ದ. ಕಡೆಗೆ ಅವನು ಹಗ್ಗವನ್ನು ಕತ್ತರಿಸಿದ. ದೇವರ ದಯೆಯಿಂದ ಅವರೂ ದಡ ಸೇರಿದರು. ಆದರೆ ನನ್ನ ಮೊಮ್ಮಗ ಕುಳಿತಿದ್ದ ಜಾಗವನ್ನು ನೋಡಿದಾಗ, ನಮ್ಮ ಹಗ್ಗವೂ ಹಾಗೆಯೇ ಸಿಕ್ಕಾಗಿದ್ದರೆ ಎಂಬ ಯೋಚನೆ ನನ್ನ ಮೈಯನ್ನು ನಡುಗಿಸಿತು. ನಮ್ಮ ನಾಲ್ವರ ಕ್ಷೇಮ ಆ ದಿನ ನಿಂತಿದ್ದುದು ಬೆಳಿಗ್ಗೆ ಬಿಸಿಲಿನಲ್ಲಿ ಒಬ್ಬ ಹುಡುಗ ಎರಡು ನಿಮಿಷ ತಾಳ್ಮೆಯಿಂದ ಸುತ್ತಿಟ್ಟ ಒಂದು ಸುರುಳಿಯ ಮೇಲೆ.

ಆ ರಾತ್ರಿ ಪ್ರೇಷಿತರ ಕಾರ್ಯಕಲಾಪಗಳ ಗ್ರಂಥವನ್ನು ತೆರೆದೆ. ಸಂತ ಪೌಲರು ರೋಮಿಗೆ ಹೊರಟ ಹಡಗು ಬಿರುಗಾಳಿಗೆ ಸಿಕ್ಕಿದ ವೃತ್ತಾಂತ ಅದರ 27ನೇ ಅಧ್ಯಾಯದಲ್ಲಿದೆ. ನಾವಿಕರು ಹಗ್ಗಗಳನ್ನು ಹಡಗಿನ ಅಡಿಯಿಂದ ಹಾಯಿಸಿ ಬಿಗಿದದ್ದು, ಹಡಗಿನ ಸಲಕರಣೆಯನ್ನು ಕೆಳಗಿಳಿಸಿ ಗಾಳಿ ಒಯ್ದತ್ತ ಸಾಗಿದ್ದು, ಕಡೆಗೆ ದಡ ಕಂಡಾಗ ಚುಕ್ಕಾಣಿಯ ಕಟ್ಟುಗಳನ್ನು ಸಡಿಲಿಸಿ ಮುಂದಿನ ಹಾಯಿಯನ್ನು ಗಾಳಿಗೆ ಎತ್ತಿದ್ದು, ಇವೆಲ್ಲವೂ ಅಲ್ಲಿ ಕ್ರಮವಾಗಿ ಬಂದಿವೆ. ಹಡಗು ಒಡೆಯಿತು; ಆದರೆ ಅದರಲ್ಲಿದ್ದ 276 ಮಂದಿಯೂ ಮಾಲ್ಟಾ ದ್ವೀಪದ ದಡ ಸೇರಿದರು. ಇಳಿಸಬೇಕಾದಾಗ ಇಳಿಸಿದ್ದರಿಂದಲೇ ಏರಿಸಬೇಕಾದಾಗ ಏರಿಸುವುದು ಸಾಧ್ಯವಾಯಿತೆಂದು ನನಗೆ ತೋರಿತು. ಇದೇ ಪೌಲರ ಸೇವೆಯ ಆರಂಭದಲ್ಲೂ ಒಂದು ಇಳಿಸುವಿಕೆ ಇದೆ. ದಮಸ್ಕಸ್ ಪಟ್ಟಣದಲ್ಲಿ ಅವರನ್ನು ಕೊಲ್ಲಲು ವೈರಿಗಳು ಹೊಂಚು ಹಾಕಿದ್ದಾಗ ಶಿಷ್ಯರು ಅವರನ್ನು ಒಂದು ಬುಟ್ಟಿಯಲ್ಲಿ ಕೂರಿಸಿ, ರಾತ್ರಿಯ ವೇಳೆ ಕೋಟೆಗೋಡೆಯ ಮೇಲಿಂದ ಕೆಳಗಿಳಿಸಿದರು. ಮೇಲೆ ನಿಂತು ಹಗ್ಗ ಹಿಡಿದವರು ಯಾರು? ಅವರ ಹೆಸರುಗಳನ್ನು ಗ್ರಂಥ ಹೇಳುವುದಿಲ್ಲ. ಆ ಕೈಗಳು ನಿಧಾನವಾಗಿ, ಜರ್ರನೆ ಜಾರದಂತೆ, ಹಗ್ಗವನ್ನು ಬಿಟ್ಟುಕೊಡದೆ ಹೋಗಿದ್ದರೆ ಪೌಲರ ಪತ್ರಗಳು ನಮಗೆಲ್ಲಿ ದೊರೆಯುತ್ತಿದ್ದವು?

ಏರುವುದನ್ನು ನಮಗೆ ಎಲ್ಲರೂ ಕಲಿಸುತ್ತಾರೆ. ಶಾಲೆಯಲ್ಲಿ ಮೇಲಿನ ತರಗತಿ, ಕಚೇರಿಯಲ್ಲಿ ಮೇಲಿನ ಹುದ್ದೆ, ಸಂಘಸಂಸ್ಥೆಗಳಲ್ಲಿ ಮೇಲಿನ ಸ್ಥಾನ. ಇಳಿಯುವುದನ್ನು ಕಲಿಸುವವರು ವಿರಳ. ಆದರೆ ಪ್ರತಿ ಮನೆಯಲ್ಲಿಯೂ ಇಳಿಸಲೇಬೇಕಾದ ಹಾಯಿಗಳಿವೆ. ಮಕ್ಕಳು ಬೆಳೆದಾಗ ಯಜಮಾನಿಕೆಯ ಹಾಯಿ. ನಿವೃತ್ತಿಯಾದಾಗ ಅಧಿಕಾರದ ಹಾಯಿ. ಅಣ್ಣತಮ್ಮಂದಿರ ನಡುವೆ ಮಾತು ಬೆಳೆದಾಗ ನಾನೇ ಸರಿಯೆಂಬ ಹಾಯಿ. ಅಂತ್ಯದಲ್ಲಿ ಈ ದೇಹವೇ ಒಂದು ಹಾಯಿ. ಇವುಗಳಲ್ಲಿ ಹಲವನ್ನು ಇಳಿಸುವ ವೇಳೆ ನಮ್ಮ ಕೈಯಲ್ಲಿಲ್ಲ; ಒಂದು ಕಾಯಿಲೆ, ಒಂದು ಸಾವು, ಒಂದು ಸುದ್ದಿ ಅದನ್ನು ಗೊತ್ತುಮಾಡುತ್ತದೆ. ನಮ್ಮ ಕೈಯಲ್ಲಿರುವುದು ಹಗ್ಗವನ್ನು ಸಿಕ್ಕಿಲ್ಲದಂತೆ ಇಟ್ಟುಕೊಳ್ಳುವುದೊಂದೇ. ಆಸ್ತಿಯ ಕಾಗದಪತ್ರಗಳು ಹೆಂಡತಿ ಮಕ್ಕಳಿಗೆ ತಿಳಿಯುವಂತಿರಬೇಕು. ಸಾಲದ ಲೆಕ್ಕ ಒಂದು ಪುಸ್ತಕದಲ್ಲಿರಬೇಕು. ಮುನಿಸು ರಾತ್ರಿ ಉಳಿದು ನೆನೆದ ಗಂಟಾಗಬಾರದು. ಪಾಪನಿವೇದನೆಯನ್ನು ಹಾಸಿಗೆ ಹಿಡಿಯುವ ದಿನಕ್ಕೆಂದು ಕೂಡಿಡಬಾರದು. ದೇವಪುತ್ರನೇ ತನ್ನ ಮಹಿಮೆಯನ್ನು ಬಿಟ್ಟುಕೊಟ್ಟು ದಾಸನಾಗಿ ಇಳಿದುಬಂದನೆಂಬುದು ನಮ್ಮ ವಿಶ್ವಾಸ. ಹಾಗಿರುವಾಗ ಇಳಿಯುವುದನ್ನು ನಾವು ಸೋಲೆಂದು ಎಣಿಸುವುದು ಹೇಗೆ?

ಸೆಪ್ಟೆಂಬರಿನ ಮೊದಲ ವಾರ ಹಿರಿಯರು ನಮ್ಮೊಡನೆ ಕೊನೆಯ ಸಲ ಬಂದರು. ಆ ಸಂಜೆ ದೋಣಿಯನ್ನು ದಡಕ್ಕೆಳೆದು ಹಗ್ಗಗಳನ್ನು ರಸ್ತೆಯ ಪ್ರಯಾಣಕ್ಕೆ ಕಟ್ಟುವ ಕೆಲಸವನ್ನು ಅವರು ಕುರ್ಚಿಯಲ್ಲಿ ಕುಳಿತು ನೋಡಿದರು. ಲೇಜಿ ಜಾಕ್ ಹಗ್ಗಗಳನ್ನು ಕಂಬದ ಉದ್ದಕ್ಕೆ ಎಳೆದು ಹಾಲ್ಯಾರ್ಡಿನೊಡನೆ ನಾಲ್ಕಾರು ಕಡೆ ಕಟ್ಟಬೇಕು. ಹೆದ್ದಾರಿಯ ವೇಗದಲ್ಲಿ ಸಡಿಲವಾದ ಹಗ್ಗ ಬಡಿದು ಬಡಿದು ಸವೆಯುತ್ತದೆ, ಚಕ್ರಕ್ಕೂ ಸಿಕ್ಕೀತು. ಶೀಟನ್ನು ರಾಟೆಗಳಿಂದ ಕಳಚದೆ, ರಾಟೆಗಳು ಒಂದರ ಮೇಲೊಂದು ಮಗುಚಿಕೊಳ್ಳದಂತೆ ಸುರುಳಿ ಕಟ್ಟಿ ಚೀಲದಲ್ಲಿಡಬೇಕು. ಒದ್ದೆಯ ಹಗ್ಗವನ್ನು ಒಣಗಿಸದೆ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಎಲ್ಲವನ್ನೂ ಮಾಡಿದವನು ಮೊಮ್ಮಗನೇ. ಹಿರಿಯರು ಒಂದು ಮಾತನ್ನೂ ತಿದ್ದಲಿಲ್ಲ. ಕೊನೆಗೆ ಎದ್ದು, ಒಂದು ಸುರುಳಿಯನ್ನು ಕೈಯಲ್ಲಿ ತೂಗಿ ನೋಡಿ, ಹುಡುಗನ ಬೆನ್ನು ತಟ್ಟಿದರು. ಮೂವತ್ತು ವರ್ಷದ ಒಡನಾಟವನ್ನು ಬಿಟ್ಟುಕೊಟ್ಟವರ ಮುಖದಲ್ಲಿ ನಾನು ಕಂಡದ್ದು ದುಃಖವಲ್ಲ, ನೆಮ್ಮದಿ.

ನಾನು ನಮ್ಮ ಧರ್ಮಕೇಂದ್ರದ ಗಾನವೃಂದವನ್ನು ಮೂವತ್ತೊಂದು ವರ್ಷ ನಡೆಸಿದವನು. ಊರಿಗೆ ಮರಳಿದ ಮೇಲೆ ಒಂದು ವರ್ಷದ ಕಾಲ ಒಂದು ಕೆಲಸವನ್ನು ಸದ್ದಿಲ್ಲದೆ ಮಾಡಿದೆ. ನೆನಪಿನಲ್ಲಿ ಮಾತ್ರವಿದ್ದ ರಾಗಗಳಿಗೆ ಸ್ವರ ಬರೆದೆ. ಯಾವ ಹಬ್ಬಕ್ಕೆ ಯಾವ ಗೀತೆ, ಯಾವ ಗೀತೆಗೆ ಯಾವ ಶ್ರುತಿ, ಪವಿತ್ರ ವಾರದ ಮೂರು ದಿನ ಯಾರು ಎಲ್ಲಿ ನಿಲ್ಲಬೇಕು ಎಂಬುದನ್ನೆಲ್ಲ ಒಂದು ಹೊತ್ತಗೆಯಲ್ಲಿ ಕ್ರಮವಾಗಿ ಸೇರಿಸಿದೆ. ಹಾರ್ಮೋನಿಯಮಿನ ಬೀಗದ ಕೈಗೆ ಇನ್ನೊಂದು ಜೊತೆ ಮಾಡಿಸಿದೆ. ನನ್ನ ದನಿ ಇನ್ನೂ ಸೋತಿರಲಿಲ್ಲ. ಯಾರೂ ಬಿಡೆಂದು ಕೇಳಿರಲೂ ಇಲ್ಲ. 2023ರ ಆಗಮನ ಕಾಲದ ಮೊದಲ ಭಾನುವಾರ, ಮೂರನೆಯ ತರಗತಿಯಲ್ಲಿದ್ದಾಗ ನನ್ನ ಬಳಿ ಸ್ವರ ಕಲಿಯಲು ಬಂದಿದ್ದ ಒಬ್ಬ ತರುಣಿಗೆ ಅವೆಲ್ಲವನ್ನೂ ಒಪ್ಪಿಸಿದೆ. "ಮೇಷ್ಟ್ರೇ, ನೀವು ಪಕ್ಕದಲ್ಲೇ ಇರಬೇಕು" ಎಂದಳು. ಮೊದಲ ಕ್ರಿಸ್ಮಸ್ಸಿಗೆ ಇದ್ದೆ. ಈಗ ಹಿಂದಿನ ಬೆಂಚಿನಲ್ಲಿ ಕುಳಿತು ಸಭೆಯೊಡನೆ ಹಾಡುತ್ತೇನೆ. ಅವಳು ನಾನು ಹಾಡಿಸಿದ್ದಕ್ಕಿಂತ ತುಸು ವೇಗವಾಗಿ ಹಾಡಿಸುತ್ತಾಳೆ. ಮಕ್ಕಳಿಗೆ ಅದೇ ಇಷ್ಟವಾಗಿದೆ.

ಪ್ರಿಯ ಓದುಗರೇ, ನಿಮ್ಮಲ್ಲಿ ಹಲವರ ಹಾಯಿ ಈಗ ಗಾಳಿ ತುಂಬಿ ನಿಂತಿರಬಹುದು. ಅದು ದೇವರ ಕೃಪೆ; ಸಂತೋಷದಿಂದ ಸಾಗಿರಿ. ಆದರೆ ಆಕಾಶ ತಿಳಿಯಾಗಿರುವಾಗಲೇ ಒಮ್ಮೆ ಕಂಬದ ಬುಡಕ್ಕೆ ಹೋಗಿ, ಅಲ್ಲಿ ಬಿದ್ದಿರುವ ಹಗ್ಗವನ್ನು ಕೈಗೆತ್ತಿಕೊಂಡು, ಸಿಕ್ಕು ಬಿಡಿಸಿ, ಸುರುಳಿ ಸುತ್ತಿ, ಕೈಗೆಟುಕುವಂತೆ ನೇತುಹಾಕಿರಿ. ಆ ಕೆಲಸವನ್ನು ಮನೆಯ ಒಂದು ಮಗುವಿಗೂ ಕಲಿಸಿರಿ. ಇಳಿಸುವ ಗಳಿಗೆ ಬಂದಾಗ ಹಗ್ಗ ಹಿಡಿಯುವ ಕೈ ನಮ್ಮದೇ ಆಗಿರುತ್ತದೆಂದು ಹೇಳಲಾಗದು.